ಆರು ಬ್ಯಾಟರಿ, ಒಂದು ಚಾರ್ಜರ್

ಭಾವ ಬೆಳಿಗ್ಗೆ ಫೋನಿನಲ್ಲಿ ಯಾವುದೋ ವಿಡಿಯೋ ನೋಡಿದ್ದರು. ಅಷ್ಟಕ್ಕೇ ಹನ್ನೊಂದು ಗಂಟೆಯ ಹೊತ್ತಿಗೆ ಎಂಜಿನಿಯರ್ ಆಗಿಬಿಟ್ಟಿದ್ದರು. ಅಂಗಡಿಗೆ ಚಾರ್ಜಿಗೆ ಬಂದಿದ್ದ ಆರು ಗಾಡಿ ಬ್ಯಾಟರಿಗಳನ್ನು ಬೆಂಚಿನ ಮೇಲೆ ಸಾಲಾಗಿಟ್ಟು, ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ವೈರು ಎಳೆದು, ಎಲ್ಲವನ್ನೂ ಒಂದೇ ದೊಡ್ಡ ಚಾರ್ಜರಿಗೆ ಸಿಕ್ಕಿಸಿದರು.

"ನಿನ್ನ ಹಾಗೆ ಒಂದೊಂದಕ್ಕೂ ಜೋಗುಳ ಹಾಡ್ತಾ ಕೂತ್ರೆ ಅಂಗಡಿ ನಡೆದ ಹಾಗೇ," ಎಂದರು ತಮ್ಮನ ಹೆಂಡತಿಗೆ.

"ಭಾವ, ಮೂರನೇದ್ರಲ್ಲಿ ಒಂದು ಸೆಲ್ ಸತ್ತಿದೆ. ಬಂದ ಕರೆಂಟೆಲ್ಲ ಅದೇ ನುಂಗುತ್ತೆ. ಮಿಕ್ಕಿದ್ದು ತುಂಬಲ್ಲ."

"ಓಹೋ, ನಾಡಿ ನೋಡೋ ಡಾಕ್ಟರಮ್ಮ!"

ಆಸಿಡ್ ಅಳೆಯುವ ಗಾಜಿನ ಕೊಳವೆ ಅವಳ ಕೈಯಲ್ಲಿತ್ತು. ಅದನ್ನು ಒಮ್ಮೆಯೂ ಮುಟ್ಟದೆ ಹತ್ತು ವರ್ಷ ಯಜಮಾನಿಕೆ ಮಾಡಿದವರು ಭಾವ. ಸಾಲಿನಲ್ಲಿ ಆಸ್ಪತ್ರೆ ವ್ಯಾನಿನ ಬ್ಯಾಟರಿಯೂ ಇತ್ತು. ವ್ಯಾನ್ ಹೊರಗೇ ನಿಂತಿತ್ತು, ನಾಲ್ಕಕ್ಕೆ ಹೊರಡಬೇಕು. ಈ ಸಲ ತಪ್ಪಿದರೆ ಆಸ್ಪತ್ರೆಯ ಕೆಲಸವೆಲ್ಲ ಎದುರಂಗಡಿಗೆ ಎಂದು ಡ್ರೈವರ್ ಹೇಳಿ ಹೋಗಿದ್ದ.

ಭಾವ ಕಾಫಿಗೆ ಹೋದ ಕೂಡಲೇ ಸ್ವಿಚ್ ಆರಿಸಿ, ವ್ಯಾನಿನ ಬ್ಯಾಟರಿ ಬಿಚ್ಚಿ, ಹಿಂದಿನ ಕೋಣೆಯ ಹಳೇ ಸಣ್ಣ ಚಾರ್ಜರಿಗೆ ಹಾಕಿದಳು. ಮತ್ತೆ ಸ್ವಿಚ್ ಹಾಕಿ ಮಿಕ್ಕವನ್ನು ಹಾಗೇ ಬಿಟ್ಟಳು. ಅವರ ವಿದ್ಯೆ ಅವರಿಗೇ ಇರಲಿ. ಆರು ಇದ್ದದ್ದು ಐದಾದದ್ದು ಎಂಜಿನಿಯರರ ಕಣ್ಣಿಗೆ ಬೀಳಲೇ ಇಲ್ಲ.

ನಾಲ್ಕಕ್ಕೆ ಡ್ರೈವರ್ ಬಂದ. ಯಾವುದು ಯಾರದೆಂದು ಅವಳು ಬ್ಯಾಟರಿಗಳ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಳು. ಓದುವ ಗೋಜಿಗೆ ಭಾವ ಹೋಗಲಿಲ್ಲ. ಕೈಗೆ ಸಿಕ್ಕಿದ್ದನ್ನು ಎತ್ತಿ ವ್ಯಾನಿಗೆ ಕೂರಿಸಿದರು.

"ಹೊಸ ಪದ್ಧತಿ! ಕೀ ತಿರುಗ್ಸು, ಹುಲಿ ಥರ ಗರ್ಜಿಸುತ್ತೆ."

ಟಿಕ್. ಟಿಕ್.

"ಹುಲಿಗೆ ಹಲ್ಲುನೋವಾ, ಯಜಮಾನ್ರೇ?" ಎಂದ ಡ್ರೈವರ್.

ಅವಳು ಒಳಗಿನಿಂದ ವ್ಯಾನಿನ ಬ್ಯಾಟರಿಯನ್ನು ಹೊಟ್ಟೆಗೆ ಅವಚಿಕೊಂಡು ತಂದು ಕೂರಿಸಿದಳು. ಮೊದಲ ಸಲಕ್ಕೇ ಎಂಜಿನ್ ಶುರುವಾಯಿತು. ಬೆಂಚಿನ ಮೇಲೆ ಮೂರನೆಯದು ಮುಟ್ಟಿದರೆ ಸುಡುತ್ತಿತ್ತು, ಕೊಳೆತ ಮೊಟ್ಟೆಯ ವಾಸನೆ ಬೇರೆ.

"ಇವತ್ತು ಕರೆಂಟೇ ಸರಿಯಿಲ್ಲ," ಎಂದರು ಭಾವ.

ಡ್ರೈವರ್ ಕೆಳಗಿಳಿದು ಬಂದ. ವ್ಯಾನಿನ ಹಿಂಬಾಗಿಲು ತೆಗೆದು ಇನ್ನೊಂದು ಬ್ಯಾಟರಿ ಇಳಿಸಿದ. "ಇದನ್ನ ಎದುರಂಗಡಿಗೆ ಅಂತ ಇಟ್ಕೊಂಡಿದ್ದೆ."

ಭಾವ ನಗುತ್ತಾ ಎರಡೂ ಕೈ ಚಾಚಿದರು. ಅವನು ಅವರನ್ನು ದಾಟಿಕೊಂಡು ಬಂದು ಅದನ್ನು ಅವಳ ಕಾಲ ಬಳಿ ಇಟ್ಟ.

"ಅಕ್ಕಾ, ನಾಳೆ ಹತ್ತಕ್ಕೆ."

ಅವಳು ಸೀಮೆಸುಣ್ಣ ತೆಗೆದುಕೊಂಡಳು. ಚಾಚಿದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಭಾವ ಪ್ಯಾಂಟಿಗೆ ಒರೆಸಿಕೊಂಡರು. ಹತ್ತು ವರ್ಷದಲ್ಲಿ ಮೊದಲ ಸಲ ಅವುಗಳಿಗೆ ಒರೆಸುವಷ್ಟು ಕೊಳೆ ಅಂಟಿತ್ತು.