ಮಿಡಿ ಬಂತು, ದಾರಿ ಬಿಡಿ

ಕೇಳಿ ಸ್ವಾಮಿ, ವಾಶಿಯ ಕನ್ನಡ ಸಂಘದಲ್ಲಿ ಆ ಸಂಜೆ ಕಂಪ್ಯೂಟರ್ ಇಟ್ಕೊಂಡು ಕಾರ್ಯಕ್ರಮ ಗೆಲ್ಲಿಸಿದ ಒಬ್ಬನೇ ಹೀರೋ ನಮ್ಮ ಮಯೂರ್!

ಅಕಾರ್ಡಿಯನ್ ನುಡಿಸ್ತಿದ್ದ ಅವನ ರಘುಪತಿ ಮಾವನಿಗೆ ಲಕ್ವಾ ಹೊಡೆದ ಮೇಲೆ ಎಡಗೈ ಬೆರಳು ಬಗ್ತಿರಲಿಲ್ಲ. ಎರಡು ವರ್ಷದಿಂದ ಸ್ಟೇಜ್ ಹತ್ತಿರಲಿಲ್ಲ. ಮಯೂರ್ ಎಲೆಕ್ಟ್ರಾನಿಕ್ ಅಕಾರ್ಡಿಯನ್ ತಂದು ಲ್ಯಾಪ್‌ಟಾಪಿಗೆ ಜೋಡಿಸಿದ. ಮಾವ ಬಲಗೈಯಲ್ಲಿ ನುಡಿಸಿದ್ರೆ ಸಾಕು, ಎಡಗೈ ಕೆಲಸ ಸಾಫ್ಟ್‌ವೇರ್ ಮಾಡ್ತಿತ್ತು.

ಸಂಘಕ್ಕೆ ಬಂದು ನೋಡಿದ್ರೆ ಎರಡನ್ನೂ ಜೋಡಿಸುವ ಮಿಡಿ ಕೇಬಲ್ಲೇ ಇಲ್ಲ! ಖಾರಘರದ ಮನೆಗೆ ಫೋನ್ ಹಚ್ಚಿದ. "ವಾರಿಜತ್ತೆ, ಮಿಡಿ ಅಲ್ಲೇ ಉಳಿದಿದೆ, ಲೋಕಲ್ ಟ್ರೇನ್ ಹಿಡಿದು ತನ್ನಿ!"

ಅತ್ತೆ ಏದುಸಿರು ಬಿಡ್ತಾ ಬಂದರು, ಕೈಯಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ ಭರಣಿ. "ಎಂಥ ಅರ್ಜೆಂಟ್ ಮಾರಾಯ? ಊಟಕ್ಕೆ ಕೂತಾಯ್ತಾ?"

ಮಾವನ ಮುಖ ಬಾಡಿತು. "ಬಿಡು ಮಗಾ, ಮನೆಗೆ ಹೋಗುವ."

"ಕಂಪ್ಯೂಟರ್ ಕೈಕೊಟ್ರೂ ಮಯೂರ್ ಕೈಬಿಡೋದಿಲ್ಲ ಮಾವ!"

ಈಗ ನಿಜ ಹೇಳಿಬಿಡ್ತೇನೆ. ಲ್ಯಾಪ್‌ಟಾಪ್ ಮುಚ್ಚಿಯೇ ಇತ್ತು. ಮಾವ ಬಲಗೈಯಲ್ಲಿ ನುಡಿಸಿದರು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ ಮಯೂರ್, ಪೆಟ್ಟಿಗೆ ಎಳೆದ ಕಡೆಗೆಲ್ಲ ಕಪ್ಪೆ ಹಾಗೆ ಜರುಗ್ತಾ, ಎಡಗಡೆ ಗುಂಡಿ ಒತ್ತಿದ. ಅರ್ಧಕ್ಕರ್ಧ ತಪ್ಪು. ಮಾವ ನಗ್ತಾ ನಗ್ತಾ ಹಾಡು ಮುಗಿಸಿದರು.

ಕೇಬಲ್ಲಾ? ಚಪ್ಪಾಳೆ ಬೀಳುವಾಗ ಸಿಕ್ಕಿತು, ಮಯೂರನ ಪ್ಯಾಂಟ್ ಜೇಬಿನಲ್ಲೇ.