ಒಂದೇ ಮನೆ, ಮೂರು ದೇಶದ ಸಾಕೆಟ್ಟು

"ಅಯ್ಯೋ ಪುಣ್ಯಾತ್ಮ, ಕಾಗದ ಅಡ್ಡ ಹಿಡಿದಿದ್ದೀಯಲ್ಲೋ! ಓದೋಕಂತೂ ಬರಲ್ಲ, ನೆಟ್ಟಗೆ ಹಿಡಿಯೋದಾದ್ರೂ ಕಲಿಯೋ, ಎಂಟನೇ ಕ್ಲಾಸು!"

ದೊಡ್ಡಪ್ಪ ಹೇಳಿದ್ದು ನನಗೆ, ಕೇಳಿಸಿದ್ದು ಹಾಲ್‌ನಲ್ಲಿದ್ದ ಎಲ್ಲರಿಗೂ. ಎದುರುಮನೆ ಟೀಚರಮ್ಮ ಬಾಯಲ್ಲಿದ್ದ ಚಹಾ ಹೊರಗೆ ಬಾರದಂತೆ ಕೈ ಅಡ್ಡ ಹಿಡಿದು ನಕ್ಕರು. ಅವರ ಯಜಮಾನರು ಹೆಂಡತಿ ನಗುವುದು ಖಾತ್ರಿಯಾದ ಮೇಲೆ ನಕ್ಕರು. ಅಮ್ಮನೂ ನಕ್ಕಳು. ನನಗೆ ಮೈ ಉರಿದದ್ದು ಅದಕ್ಕೆ.

ಕಾಗದ ಅಡ್ಡ ಹಿಡಿದಿದ್ದೆ, ನಿಜ. ಅದರಲ್ಲಿದ್ದ ಮನೆಯ ಫೋಟೋಗಳು ಅಡ್ಡ ಪ್ರಿಂಟಾಗಿದ್ದವು, ನಾನು ಫೋಟೋ ನೋಡುತ್ತಿದ್ದೆ. ಅಕ್ಷರ ನೋಡೋಕೆ ಮನೆತುಂಬ ಜನ ಇದ್ದರು.

ಅದು ಅಕ್ಕನಿಗೆ ಬಂದ ಕೆಲಸದ ಕಾಗದ. ಅಕ್ಕ ಶಿಶುವಿಹಾರವೊಂದರಲ್ಲಿ ಆರು ವರ್ಷದಿಂದ ಬೇರೆಯವರ ಮಕ್ಕಳ ಮೂಗು ಒರೆಸುತ್ತಿದ್ದಾಳೆ. ಇಂಟರ್‌ನೆಟ್ಟಿನಲ್ಲಿ ಹೆಸರು ಹಾಕಿದ್ದಳು. ಹಿಮ ಬೀಳುವ ದೇಶದ ಒಂದು ಕುಟುಂಬ ಅವಳನ್ನು ಓ ಪೇರ್ ಆಗಿ ಕರೆದಿತ್ತು. ಓ ಪೇರ್ ಎಂದರೆ ಅವರ ಮನೆಯಲ್ಲಿ ಮನೆಯವರ ಹಾಗೇ ಇದ್ದುಕೊಂಡು, ಅವರ ಮಗು ನೋಡಿಕೊಂಡು, ಊಟ, ರೂಮು, ಕೈಖರ್ಚು ಪಡೆದು ಅವರ ಭಾಷೆ ಕಲಿಯುವುದಂತೆ. ನಮ್ಮ ಬೀದಿಯಲ್ಲಿ ಇದನ್ನೆಲ್ಲ ಕೈಖರ್ಚಿಲ್ಲದೆ ಮಾಡುವವಳಿಗೆ ಸೊಸೆ ಅನ್ನುತ್ತಾರೆ, ಅವಳಿಗೆ ಆಫರ್ ಲೆಟರ್ ಕೊಡುವುದಿಲ್ಲ. ದೊಡ್ಡಪ್ಪ ಮಾತ್ರ ಇದನ್ನು "ಫಾರಿನ್ ಪೋಸ್ಟಿಂಗ್" ಎಂದೇ ಎಲ್ಲರಿಗೂ ಹೇಳಿದ್ದರು.

ಅಕ್ಕನ ಪಾಸ್‌ಪೋರ್ಟು, ಅಸಲು ಸರ್ಟಿಫಿಕೇಟುಗಳು ಒಂದು ಕವರಿನೊಳಗೆ ಸೇರಿ ಟೀಪಾಯಿಯ ಮೇಲೆ ಕೂತಿದ್ದವು. ಐದು ಗಂಟೆಗೆ ಕೊರಿಯರ್‌ನವನು ಬಂದು ಒಯ್ದರೆ ಅವು ವೀಸಾ ಮಾಡಿಸಿಕೊಡುವ ಯಾವುದೋ ಏಜೆನ್ಸಿಯ ಪಾಲು. ಸೋಮವಾರ ಶಿಶುವಿಹಾರದಲ್ಲಿ ಕೊಡಬೇಕಾದ ರಾಜೀನಾಮೆ ಅವಳ ಕೈಚೀಲದಲ್ಲಿತ್ತು. ಆ ಜಾಗಕ್ಕೆ ಇನ್ನೊಬ್ಬಳು ಆಗಲೇ ಕಾದು ಕೂತಿದ್ದಳು. ಗಂಟೆ ನಾಲ್ಕು ದಾಟಿತ್ತು.

ಕಾಗದ ಅಸಲಿಯೋ ನಕಲಿಯೋ ಎಂದು ಪರೀಕ್ಷೆ ಮಾಡಲು ದೊಡ್ಡಪ್ಪನನ್ನು ಕರೆಸಿದ್ದು ಅಮ್ಮ. ಅವರು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದವರು. ಮೂವತ್ತೊಂದು ವರ್ಷ ಬೇರೆಯವರು ಬರೆದದ್ದನ್ನು ಕೆಂಪು ಶಾಯಿಯಲ್ಲಿ ತಿದ್ದಿದವರು. ಭೂತಗನ್ನಡಿ ತಂದಿದ್ದರು. ಸೀಲು ನೋಡಿದರು, ಸಹಿ ನೋಡಿದರು, ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದರು, ಬೆರಳಲ್ಲಿ ಉಜ್ಜಿದರು.

"ಪೇಪರ್ ನೋಡಿ ಟೀಚರಮ್ಮ, ಎಷ್ಟು ದಪ್ಪ! ನಮ್ಮಲ್ಲಿ ಈ ಕ್ವಾಲಿಟಿ ಸಿಗೋ ಮಾತೇ ಇಲ್ಲ. ಇಂಥ ಪೇಪರ್ ಮೇಲೆ ಸುಳ್ಳು ಬರೆಯೋಕೆ ಯಾರಿಗೂ ಮನಸ್ಸು ಬರಲ್ಲ."

"ದೊಡ್ಡಪ್ಪ, ಅದು ಇ-ಮೇಲು," ಎಂದೆ ನಾನು. "ನಾನೇ ನಿನ್ನೆ ಜೆರಾಕ್ಸ್ ಅಂಗಡೀಲಿ ಪ್ರಿಂಟ್ ತೆಗೆಸಿದ್ದು. ತೆಳು ಹಾಳೆ ಖಾಲಿಯಾಗಿತ್ತು, ಕಾಲೇಜು ಹುಡುಗರ ಪ್ರಾಜೆಕ್ಟಿಗೆ ಇಟ್ಟಿದ್ದ ದಪ್ಪದ್ದು ಹಾಕಿದ ಅಂಗಡಿಯವನು."

ದೊಡ್ಡಪ್ಪ ಹಾಳೆಯನ್ನು ಇನ್ನೊಂದು ಸಲ ಉಜ್ಜಿದರು. "ಪ್ರಿಂಟ್ ನೀನು ತೆಗೆಸಿರಬಹುದು. ಕಾಗದ ಬಂದಿದ್ದು ಅಲ್ಲಿಂದ."

ಟೀಚರಮ್ಮ ಹೌದೌದು ಎಂದು ತಲೆಯಾಡಿಸಿದರು. ಇವರೆಲ್ಲ ಓದಿದವರು! ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಯಾರೂ ಬಿಡಿಸಲಿಲ್ಲ, ನಾನೇ ಎದ್ದು ಬಂದೆ. ಆವತ್ತಿನಿಂದ ಮನೆಗಳ ವೈರಿಂಗ್ ಮಾಡುತ್ತೇನೆ. ಹೊರದೇಶದಿಂದ ಬಂದವರು ಮಿಕ್ಸಿ, ಇಸ್ತ್ರಿಪೆಟ್ಟಿಗೆ ತಂದು ಮುಂದಿಡುತ್ತಾರೆ. ಅವುಗಳ ಪ್ಲಗ್ಗು ಕತ್ತರಿಸಿ ನಮ್ಮದು ಕೂರಿಸುವುದು ನನ್ನ ಕೆಲಸ. ಯಾವ ದೇಶಕ್ಕೆ ಯಾವ ಪಿನ್ನು ಎಂದು ನಿದ್ದೆಯಲ್ಲೂ ಹೇಳುತ್ತೇನೆ. ಇದಕ್ಕೆ ಯಾರೂ ಸರ್ಟಿಫಿಕೇಟ್ ಕೊಟ್ಟಿಲ್ಲ, ಕೊಟ್ಟಿದ್ದರೆ ಅದೂ ಇಷ್ಟು ಹೊತ್ತಿಗೆ ಆ ಕವರಿನಲ್ಲಿರುತ್ತಿತ್ತು.

"ಈ ಫೋಟೋಗಳಲ್ಲಿರೋದು ಒಂದು ಮನೆ ಅಲ್ಲ," ಎಂದೆ.

"ಮತ್ತೇನು, ಎರಡು ಮನೆಯಾ?" ಎಂದರು ಟೀಚರಮ್ಮನ ಯಜಮಾನರು.

"ಮೂರು. ಅಡುಗೆಮನೆ ಫೋಟೋ ನೋಡಿ, ಸಾಕೆಟ್ಟಿಗೆ ಮೂರು ಚಪ್ಪಟೆ ತೂತು. ಮಗುವಿನ ರೂಮಲ್ಲಿ ಗುಂಡಿ ಥರ ಒಳಗೆ ಹೋಗಿದೆ, ಅದರೊಳಗೆ ಎರಡು ದುಂಡನೆ ತೂತು. ಹಾಲ್‌ನಲ್ಲಿ ಎರಡು ಸೀಳು, ಕೆಳಗೊಂದು ಸಣ್ಣ ತೂತು, ಹೆದರಿದವನ ಮುಖದ ಥರ. ಮೂರೂ ಬೇರೆ ಬೇರೆ ದೇಶದ್ದು. ಯಾವ ಎಲೆಕ್ಟ್ರಿಷಿಯನ್ನೂ ಒಂದೇ ಮನೆಗೆ ಹೀಗೆ ಹಾಕಲ್ಲ. ಅಲ್ಲಿಂದೊಂದು ಇಲ್ಲಿಂದೊಂದು ಫೋಟೋ ಎತ್ತಿ ಜೋಡಿಸಿದ್ದಾರೆ."

ಅಕ್ಕ ಕಿಟಕಿಯ ಹತ್ತಿರದಿಂದ ಎದ್ದು ಬಂದು ಫೋಟೋ ಇಸಿದುಕೊಂಡಳು.

ದೊಡ್ಡಪ್ಪ ಭೂತಗನ್ನಡಿ ಮಡಿಚಿ ಜೇಬಿಗಿಟ್ಟರು. "ಲೋ, ಅವರು ಶ್ರೀಮಂತರು ಕಣೋ. ದೇಶ ದೇಶ ಸುತ್ತೋರು. ಎಲ್ಲಾ ದೇಶದ ಸಾಮಾನು ಇರುತ್ತೆ, ಅದಕ್ಕೆ ತಕ್ಕ ಹಾಗೆ ಹಾಕಿಸಿಕೊಂಡಿರ್ತಾರೆ. ಬಡವರ ಮನೆ ವೈರು ಎಳೆಯೋನಿಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು? ಅಕ್ಕ ಮೇಲೆ ಹೋಗ್ತಾಳೆ ಅಂತ ಹೊಟ್ಟೆಕಿಚ್ಚು ನಿಂಗೆ."

"ಹೊಟ್ಟೆಕಿಚ್ಚಾ? ನಂಗಾ?" ಎಂದು ನಾನು ಎದ್ದೆ. ಅಮ್ಮ ಕೈ ಹಿಡಿದು ಕೂರಿಸಿದಳು.

"ಜಗಳ ಯಾಕೆ? ಅವರನ್ನೇ ಕೇಳೋಣ," ಎಂದಳು ಅಕ್ಕ. "ನನ್ನ ಫೋನ್ ಚಾರ್ಜರಿಗೆ ಯಾವ ಪ್ಲಗ್ ತರಬೇಕು, ನಂಗೆ ಕೊಡೋ ರೂಮಿನ ಸಾಕೆಟ್ ಫೋಟೋ ಕಳಿಸಿ ಅಂತೀನಿ."

"ಕೇಳಬೇಡ!" ದೊಡ್ಡಪ್ಪನ ದನಿ ಏರಿತು. "ದೊಡ್ಡವರ ಹತ್ತಿರ ಸಾಕೆಟ್ ಗೀಕೆಟ್ ಅಂತ ಕೇಳ್ತಾರೇನೇ? ನಮ್ಮ ಮನೆತನದ ಬಗ್ಗೆ ಏನಂದುಕೊಳ್ತಾರೆ?"

ಅಷ್ಟರಲ್ಲಿ ಅಕ್ಕ ಕಳಿಸಿಯಾಗಿತ್ತು.

ಆ ಇಪ್ಪತ್ತು ನಿಮಿಷ ದೊಡ್ಡಪ್ಪ ನನ್ನ ಶಾಲೆಯ ಚರಿತ್ರೆಯನ್ನು ಟೀಚರಮ್ಮನಿಗೆ ವಿವರವಾಗಿ ಹೇಳಿದರು. ಮರೆತ ಕಡೆ ಅಮ್ಮ ನೆನಪಿಸಿದಳು. ನಾನು ಗೋಡೆ ನೋಡುತ್ತ ಕೂತೆ. ಅಲ್ಲಿ ಕನ್ನಡಿಯ ಪಕ್ಕ ಅಕ್ಕ ಒಂದು ಹಾಳೆ ಅಂಟಿಸಿದ್ದಳು. ಆ ದೇಶದ ಭಾಷೆಯ ಹನ್ನೊಂದು ಮಾತು, ಎದುರಿಗೆ ಅದರ ಅರ್ಥ: ಹಾಲು, ನಿದ್ದೆ, ಬಿದ್ದೆಯಾ, ಅಳಬೇಡ, ನಾನಿದ್ದೇನೆ. ಎರಡು ವರ್ಷದ ಮಗುವಿಗೆ ಬೇಕಾದ ಮಾತುಗಳು. ತಲೆ ಬಾಚುತ್ತ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ಒಂದು ವಾರದಿಂದ ನನ್ನ ಬಾಯಿಗೂ ಬಂದಿದ್ದವು.

ಫೋನ್ ಟಿಂಗ್ ಅಂದಿತು. ಎಲ್ಲರೂ ಅಕ್ಕನ ಹೆಗಲ ಮೇಲೆ ಬಗ್ಗಿದರು.

ಫೋಟೋದಲ್ಲಿ ಮಂಚದ ಪಕ್ಕದ ಗೋಡೆ. ಗೋಡೆಯಲ್ಲಿ ಬಿಳಿ ಬೋರ್ಡು, ಐದು ತೂತಿನ ಸಾಕೆಟ್ಟು, ಸ್ವಿಚ್ಚಿನ ಸುತ್ತ ಬೆರಳಿನ ಕಪ್ಪು ಜಿಡ್ಡು, ಮೇಲೆ ಫ್ಯಾನ್ ರೆಗ್ಯುಲೇಟರು. ನಮ್ಮ ಮನೆಯ ಹಾಲ್‌ನಲ್ಲಿ, ದೊಡ್ಡಪ್ಪನ ತಲೆಯ ಹಿಂದೆ, ಇಂಥದ್ದೇ ಇತ್ತು. ಕಂಪನಿಯೂ ಅದೇ! ಬೆಳಿಗ್ಗೆಯಷ್ಟೇ ಇಂಥವು ಆರು ಕೂರಿಸಿ ಬಂದಿದ್ದೆ. ನನಗೆ ನಗು ಬಂತು. ಹಿಮದ ದೇಶದ ಆ ಮಹಾತಾಯಿ ನಮ್ಮದೇ ದೇಶದ ಯಾವುದೋ ಬಾಡಿಗೆ ರೂಮಿನಲ್ಲಿ ಕಾಲು ಚಾಚಿ ಕೂತು, ಕೈಗೆ ಸಿಕ್ಕ ಗೋಡೆಯ ಫೋಟೋ ಹೊಡೆದು ಕಳಿಸಿದ್ದಳು, ಅಥವಾ ಕಳಿಸಿದ್ದ.

"ನೋಡಿ! ನೋಡಿ ಎಲ್ಲಾ!" ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಪ್ಪ ಎರಡೂ ಕೈ ಎತ್ತಿದರು.

"ಎಂಥಾ ಜನ! ಎಂಥಾ ಜನ! ನಮ್ಮ ಹುಡುಗಿ ಬರ್ತಾಳೆ, ತೊಂದರೆ ಆಗಬಾರದು ಅಂತ, ಬರೋಕೆ ಮುಂಚೇನೇ ನಮ್ಮ ಸಾಕೆಟ್ ತರಿಸಿ ಹಾಕಿಸಿದ್ದಾರೆ!"

ಟೀಚರಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡರು. ಅಮ್ಮನ ಕಣ್ಣಲ್ಲಿ ನೀರು. "ಹೆತ್ತವರೂ ಇಷ್ಟು ಯೋಚನೆ ಮಾಡಲ್ಲ," ಎಂದಳು.

"ಜಿಡ್ಡೂ ತರಿಸಿ ಹಚ್ಚಿದ್ರಾ?" ಎಂದು ಕಿರುಚಿದೆ. "ಹಿಮ ಬೀಳೋ ಕಡೆ ಫ್ಯಾನ್ ಯಾಕೆ ದೊಡ್ಡಪ್ಪ?"

"ಸೆಕೆ ಅಭ್ಯಾಸ ಇರೋ ಹುಡುಗಿ, ಬೇಕಾದ್ರೆ ತಿರುಗಿಸಿಕೊಳ್ಳಲಿ ಅಂತ."

ಕೆಳಗೆ ಬೈಕ್ ನಿಂತ ಸದ್ದು. ಕೊರಿಯರ್‌ನವನು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತ. "ಕವರ್ ರೆಡಿನಾ ಮೇಡಂ?"

ಅಮ್ಮ ಕವರಿಗೆ ಕೈ ಹಾಕಿದಳು. ಅಕ್ಕ ಇನ್ನೂ ಫೋಟೋ ನೋಡುತ್ತಿದ್ದಳು. ಬೆರಳಿನಿಂದ ದೊಡ್ಡದು ಮಾಡಿದಳು, ಪಕ್ಕಕ್ಕೆ ಸರಿಸಿದಳು, ನೆಲದ ಅಂಚಿನವರೆಗೂ ನೋಡಿದಳು. ಆಮೇಲೆ ಪ್ರಿಂಟಿನ ಹಾಳೆ ತೆಗೆದು ಒಂದೊಂದೇ ಫೋಟೋ ಹಾಗೆಯೇ ನೋಡಿದಳು.

"ಮುಚ್ಚಳ ಇಲ್ಲ," ಎಂದಳು.

"ಯಾವುದಕ್ಕೆ?" ಎಂದಳು ಅಮ್ಮ.

"ಸಾಕೆಟ್ಟಿಗೆ. ನಮ್ಮ ಶಿಶುವಿಹಾರದಲ್ಲಿ ಮಕ್ಕಳ ಕೈಗೆ ಎಟುಕೋ ಒಂದೊಂದು ತೂತಿಗೂ ಪ್ಲಾಸ್ಟಿಕ್ ಮುಚ್ಚಳ ಹಾಕಿದೀವಿ. ಇಲ್ಲಿ ಒಂದಕ್ಕೂ ಇಲ್ಲ. ಗೋಡೆ ಮೇಲೆ ಒಂದು ಗೀಟಿಲ್ಲ. ಮಂಚದ ಮೂಲೆಗೆ ಬಟ್ಟೆ ಕಟ್ಟಿಲ್ಲ." ಹಾಳೆಯನ್ನು ಟೀಪಾಯಿಯ ಮೇಲಿಟ್ಟಳು. "ಈ ಮನೇಲಿ ಮಗುವೇ ಇಲ್ಲ, ಅಮ್ಮ."

ಅಮ್ಮನ ಕೈಯಿಂದ ಕವರು ತೆಗೆದುಕೊಂಡು, ಅಂಟಿಸಿದ ಬಾಯಿ ಕಿತ್ತು, ಪಾಸ್‌ಪೋರ್ಟು ಹೊರಗೆಳೆದಳು. ಕೈಚೀಲದಿಂದ ರಾಜೀನಾಮೆ ತೆಗೆದು ನಾಲ್ಕು ತುಂಡು ಮಾಡಿದಳು. "ಕವರ್ ಇಲ್ಲ, ಹೋಗಿಬನ್ನಿ," ಎಂದಳು ಕೊರಿಯರ್‌ನವನಿಗೆ. ಮತ್ತೆ ಕನ್ನಡಿಯ ಹತ್ತಿರ ಹೋಗಿ ಆ ಹನ್ನೊಂದು ಮಾತಿನ ಹಾಳೆಯನ್ನು, ಗೋಡೆಯ ಬಣ್ಣ ಕೀಳದ ಹಾಗೆ, ಮೂಲೆಯಿಂದ ಮೆಲ್ಲಗೆ ಬಿಡಿಸತೊಡಗಿದಳು.

ಗೆದ್ದವನು ನಾನೇ ತಾನೇ? ಖುಷಿ ಮಾತ್ರ ಎಲ್ಲೂ ಸಿಗಲಿಲ್ಲ.

ದೊಡ್ಡಪ್ಪನಿಗೆ ಸಿಕ್ಕಿತು. ಗಂಟಲು ಸರಿಮಾಡಿಕೊಂಡು, ಕುರ್ಚಿಯನ್ನು ಟೀಚರಮ್ಮನ ಕಡೆ ಎಳೆದುಕೊಂಡರು. "ನಂಗೆ ಮೊದಲ ಸಾಲಿಗೇ ಅನುಮಾನ ಬಂದಿತ್ತು ಟೀಚರಮ್ಮ. ಹುಡುಗಿ ಮನಸ್ಸು ನೋಯಬಾರದು ಅಂತ ಬಾಯಿ ಬಿಡಲಿಲ್ಲ. ಅದಕ್ಕೇ ಉಪಾಯವಾಗಿ ಸಾಕೆಟ್ ಫೋಟೋ ತರಿಸಿದ್ದು. ಮೂವತ್ತೊಂದು ವರ್ಷದ ಅನುಭವ, ಸುಮ್ಮನೆ ಬರುತ್ತಾ?"

ಟೀಚರಮ್ಮ ದೊಡ್ಡಪ್ಪನನ್ನು ನೋಡಿದರು, ನನ್ನನ್ನು ನೋಡಿದರು. ಎಲ್ಲರೂ ನನ್ನನ್ನೇ ನೋಡಿದರು.

"ಏನೋ ಎಂಟನೇ ಕ್ಲಾಸು, ಹೇಳೋ ಇವರಿಗೆ. ನಾನೇ ತಾನೇ ತರಿಸು ಅಂದಿದ್ದು?"

ಹೇಳಲು ನಾಲಿಗೆಯ ತುದಿಯಲ್ಲಿ ಒಂದು ಬುಟ್ಟಿ ಮಾತಿತ್ತು. ಅಕ್ಕ ಹಾಳೆಯ ಕೊನೆಯ ಮೂಲೆ ಬಿಡಿಸುತ್ತಿದ್ದಳು.

ಟೂಲ್ ಬ್ಯಾಗು ಹೆಗಲಿಗೆ ಹಾಕಿಕೊಂಡೆ. ಚಪ್ಪಲಿ ಮೆಟ್ಟಿಕೊಂಡು ಕೊರಿಯರ್‌ನವನ ಹಿಂದೆಯೇ ಮೆಟ್ಟಿಲಿಳಿದೆ. "ಲೋ, ಕೇಳ್ತಿರೋದು ನಿನ್ನನ್ನೇ ಕಣೋ!" ಎನ್ನುವುದು ಬೀದಿಯ ತಿರುವಿನವರೆಗೂ ಕೇಳಿಸುತ್ತಿತ್ತು.