ತಟ್ಟೆಯೊಳಗಿನ ಅಕ್ಕ

ಆ ಬೆಳಿಗ್ಗೆ ಎದುರು ಮನೆ ಕಾಣದಷ್ಟು ಮಂಜು ಎಂದು ಶುರುಮಾಡಲೇ? ಮಂಜೆಂದರೆ ನೀವು ದೆವ್ವಕ್ಕೆ ಕಾಯುತ್ತೀರಿ. ಬರುವುದಿಲ್ಲ. ಆದರೂ ದೇವರನ್ನು ನೆನೆದು ಕೂತುಕೊಳ್ಳಿ. ನಾನೂ ನೆನೆದೇ ಬರೆಯುತ್ತಿದ್ದೇನೆ.

೧
ತಂಗಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಅಕ್ಕನ ಗಡ್ಡೆಯಿಂದ ತೆಗೆದ ಕ್ಯಾನ್ಸರ್ ಜೀವಕಣಗಳನ್ನು ಗಾಜಿನ ತಟ್ಟೆಗಳಲ್ಲಿ ಬೆಳೆಸಿ, ಯಾವ ಔಷಧಿಗೆ ಸಾಯುತ್ತವೆಂದು ನೋಡಬೇಕು. ಸಾಯುತ್ತಿರಲಿಲ್ಲ. ದೋಣಿಗೆ ನುಗ್ಗಿದ ನೀರನ್ನು ಮೊಗೆದು ಚೆಲ್ಲುವವರಂತೆ, ಒಳಬಂದ ಕೀಮೋ ಔಷಧಿಯನ್ನು ಪಂಪು ಹಚ್ಚಿ ಹೊರಗೆಸೆಯುತ್ತಿದ್ದವು. ಉಂಡ ಮನೆಯ ಜಂತೆ ಎಣಿಸುವ ಪೈಕಿ. ಅತ್ತ ಹಾಸಿಗೆಯಲ್ಲಿ ಅಕ್ಕ ಸೊರಗುತ್ತಿದ್ದಳು. ಇತ್ತ ತಟ್ಟೆಯಲ್ಲಿ ಮೈತುಂಬಿಕೊಳ್ಳುತ್ತಿದ್ದಳು.

(ಬರೆದು ನನಗೇ ಮೈ ಜುಮ್ಮೆಂದಿತು. ಹೊಡೆದುಹಾಕೋಣವೆಂದರೆ, ಸುಳ್ಳಲ್ಲವಲ್ಲ.)

೨
ಇಲ್ಲಿ ತಂಗಿ ಅಳುವ ದೃಶ್ಯವಿತ್ತು, ಹರಿದೆ. ಅವಳು ಅಳಲಿಲ್ಲ. ಒಂದು ತಟ್ಟೆಗೆ ಮಾತ್ರ ಔಷಧಿ ಹಾಕಲು ಅವಳಿಗೆ ಕೈ ಬರಲಿಲ್ಲ. ಎಷ್ಟೆಂದರೂ ಅಕ್ಕ. ವಾರಗಟ್ಟಲೆ ಬರೀ ಊಟದ ದ್ರವ ಹಾಕಿ ಸಾಕಿದಳು. ಆಮೇಲೆ, ಯಾರಾದರೂ ಕಂಡಾರೆಂದು ಹೆದರಿ, ಔಷಧಿ ಹಾಕಿದಳು.

ಆ ಮಂಜಿನ ಬೆಳಿಗ್ಗೆ ನೋಡಿದರೆ, ತಟ್ಟೆ ತುಂಬ ಸಾವು. ಔಷಧಿಯ ಕಾಟವಿಲ್ಲದ ದಿನಗಳಲ್ಲಿ ಪಂಪು ಹೊತ್ತ ಕಣಗಳು ಹಿಂದೆ ಬಿದ್ದು, ಪಂಪಿಲ್ಲದ ಹಗುರ ಕಣಗಳೇ ತುಂಬಿಕೊಂಡಿದ್ದವು.

೩
ಹೇಳಿದರೆ ಕೆಲಸ ಹೋದೀತು. ಹೇಳದಿದ್ದರೆ ಸೋಮವಾರ ಅಕ್ಕನಿಗೆ ಅದೇ ಔಷಧಿ, ಇನ್ನೂ ಜಾಸ್ತಿ. ಹೇಳಿದಳು. ಡಾಕ್ಟರು ಬಯ್ಯಲಿಲ್ಲ, ಹೊಗಳಲೂ ಇಲ್ಲ. ತಟ್ಟೆ ಬೇರೆ, ಮೈ ಬೇರೆ. ಔಷಧಿಗೆ ಬಿಡುವು ಕೊಟ್ಟರೆ ಗಡ್ಡೆಯೂ ಬೆಳೆದೀತು. ತೀರ್ಮಾನ ನಿಮ್ಮಕ್ಕನದು ಅಂದರು.

ಅಂತ್ಯ ಒಂದು: ಬಿಡುವು ಫಲಿಸಿತು. ಅಂತ್ಯ ಎರಡು: ಇಲ್ಲ. ಎರಡೂ ಬರೆದು ಮುಗಿಸುವಷ್ಟರಲ್ಲಿ ಅಕ್ಕ ನನ್ನ ಕೈ ತಡೆದಳು.

"ನನ್ನ ಸಾವು ಬರೆಯೋಕೆ ನೀನ್ಯಾರಪ್ಪಾ, ಪುಣ್ಯಾತ್ಮಾ? ಮೊದಲು ನಾನು ಆ ಕಣಗಳನ್ನ ನೋಡಬೇಕು."

ತಂಗಿ ಬೇಡವೆಂದಳು.

"ನನ್ನ ಮೈಯಿಂದ ಕಿತ್ತುಕೊಂಡಿದ್ದು ಕಣೇ. ನಿಮ್ಮಪ್ಪನ ಆಸ್ತಿನಾ?"

"ನಿಮ್ಮಪ್ಪಂದೂ ಅಲ್ಲ," ಎಂದಳು ತಂಗಿ. ಇಬ್ಬರೂ ನಕ್ಕರು.

ಅಕ್ಕ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಸತ್ತು ತೇಲುವವುಗಳ ನಡುವೆ ಅಲ್ಲೊಂದು ಇಲ್ಲೊಂದು ಅಲುಗದೆ ಅಂಟಿಕೊಂಡಿದ್ದವು.

"ಇವು ಸತ್ತಿಲ್ಲ. ಮಲಗಿವೆ."

"ಹೌದಕ್ಕ. ಬೆಳೆಯೋದನ್ನೇ ಔಷಧಿ ಹಿಡಿಯೋದು. ಮಲಗಿದ್ದನ್ನ ದಾಟಿ ಹೋಗುತ್ತೆ."

"ಅಮ್ಮ ಕೆಲಸ ಹೇಳ್ತಾಳೆ ಅಂದ್ರೆ," ಅಕ್ಕ ಮೆಲ್ಲಗೆ ಅಂದಳು, "ನಾನೂ ಹೀಗೇ ಮಲಗ್ತಿದ್ದೆ."

ಸೋಮವಾರ ಏನಾಯಿತೆಂದು ನನ್ನನ್ನು ಕೇಳಬೇಡಿ. ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆಯೇ ಅಕ್ಕ ನನ್ನತ್ತ ಕೈ ಚಾಚಿದಳು. ಎರಡೂ ಅಂತ್ಯಗಳು ಅವಳವೇ. ಬರೆದ ಹಾಳೆಗಳನ್ನು ಅವಳ ಅಂಗೈಯಲ್ಲಿಟ್ಟೆ.